ಹೊಡೆದುಹಾಕಿದ ಸಾಲುಗಳು

ಒಂದು ಭಾನುವಾರ ಬೆಳಗ್ಗೆ ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಎರಡನೆಯ ಲೋಟ ಕಾಫಿಯನ್ನು ಆರಿಸಿಕೊಳ್ಳುತ್ತಿರುವಾಗ, ನನ್ನ ಸೋದರಳಿಯನು ಇನ್ನೂರು ಪುಟದ ನೋಟುಬುಕ್ಕೊಂದನ್ನು ತಂದು ಮುಂದಿಟ್ಟು, "ಮಾವ, ಇದರಲ್ಲಿ ಏನು ಕಮ್ಮಿ ಆಗಿದೆ ಅಂತ ಸ್ವಲ್ಪ ನೋಡಿ" ಎಂದನು. ಹುಡುಗನಿಗೆ ಇಪ್ಪತ್ತಾರು ವರ್ಷ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು, ರಾತ್ರಿ ಒಂಬತ್ತಕ್ಕೆ ಜಿಮ್ಮಿಗೆ ಹೋಗಿ, ಹನ್ನೊಂದಕ್ಕೆ ಹೊರಬಂದು, ಒಂದಕ್ಕೆ ಮಲಗಿ, ಆರೂವರೆಗೆ ಏಳುವವನು. ದುರಭ್ಯಾಸ ಒಂದೂ ಇಲ್ಲದಿದ್ದರೂ ಸದಭ್ಯಾಸವನ್ನೇ ದುರಭ್ಯಾಸದಷ್ಟು ಹಟದಿಂದ ನಡೆಸುವ ಸ್ವಭಾವದವನು.

ಪುಸ್ತಕವನ್ನು ತೆರೆದರೆ ಹಳೆಯ ಶಾನುಭೋಗರ ಕಡತವನ್ನು ತೆರೆದಂತಾಯಿತು. ದಿನಾಂಕ, ತೂಕ, ಸೆಟ್ಟು, ಒಂದೊಂದು ಸೆಟ್ಟಿನಲ್ಲಿ ಎಷ್ಟು ಸಲ ಎತ್ತಿದನೆಂಬ ರೆಪ್ಸು, ನಡುವಣ ವಿಶ್ರಾಂತಿಯ ನಿಮಿಷ, ಎಲ್ಲವೂ ಗೆರೆ ಎಳೆದ ಮನೆಗಳಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು. ಸೋಮವಾರ ಎದೆಗೆಂದು ಫ್ಲಾಟ್ ಬೆಂಚ್ ಪ್ರೆಸ್ 5 ಸೆಟ್ಟು, ಇನ್‌ಕ್ಲೈನ್ 4, ಡಿಕ್ಲೈನ್ 4, ಡಂಬೆಲ್ ಪ್ರೆಸ್ 4, ಪೆಕ್ ಡೆಕ್ 4, ಕೇಬಲ್ ಕ್ರಾಸ್‌ಓವರ್ 3, ಕೂಡಿದರೆ 24. ಗುರುವಾರ ಡಿಕ್ಲೈನ್ ಒಂದನ್ನು ಬಿಟ್ಟು ಮತ್ತೆ ಅವೇ 20. ಅಂತೂ ವಾರಕ್ಕೆ ಎದೆಯೊಂದಕ್ಕೇ 44 ಸೆಟ್ಟು. ಇಷ್ಟು ಶ್ರಮದ ಫಲವೇನೆಂದು ಹಿಂದು ಮುಂದು ತಿರುವಿ ನೋಡಿದಾಗ, ಮೂರು ತಿಂಗಳ ಹಿಂದೆ ಮೊದಲ ಸೆಟ್ಟಿನಲ್ಲಿ 70 ಕಿಲೋ ಭಾರವನ್ನು ಎಂಟು ಸಲ ಒತ್ತಿದ್ದವನು ಹೋದ ವಾರ ಅದೇ ಭಾರವನ್ನು ಆರು ಸಲ ಒತ್ತಿ ನಿಲ್ಲಿಸಿದ್ದನು. ಅಂಚಿನಲ್ಲಿ, ಯಾರಿಗೂ ಕಾಣದಿರಲೆಂಬಷ್ಟು ಸಣ್ಣ ಅಕ್ಷರದಲ್ಲಿ, "ಬಲಭುಜ ಸ್ವಲ್ಪ ನೋವು" ಎಂದು ಮೂರು ಕಡೆ ಬರೆದಿತ್ತು. ಇಷ್ಟನ್ನೂ ತನ್ನ ಕೈಯಿಂದಲೇ ದಾಖಲಿಸಿದ್ದ ಆ ಹುಡುಗ ನನ್ನನ್ನು ಕೇಳಿದ್ದು ಏನು ಹೆಚ್ಚಾಗಿದೆ ಎಂದಲ್ಲ, ಏನು ಕಮ್ಮಿಯಾಗಿದೆ ಎಂದು.

ಇದು ಅವನೊಬ್ಬನ ಭ್ರಾಂತಿಯಲ್ಲ. ನಮ್ಮ ಕಡೆಯ ಅಂಗಸಾಧನೆಯಲ್ಲಿ ಎಣಿಕೆಗೆ ಮೊದಲಿನಿಂದಲೂ ಅಗ್ರಪೂಜೆ ಸಲ್ಲುತ್ತ ಬಂದಿದೆ. ಗರಡಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಹೊರಳಿ ಬೆಳೆದವರಿಗೆ ಒಬ್ಬ ಪೈಲ್ವಾನನ ಯೋಗ್ಯತೆಯನ್ನು ಅಳೆಯತಕ್ಕ ಮಾನದಂಡ ಒಂದೇ: ದಂಡ ಎಷ್ಟು ಹೊಡೆಯುತ್ತಾನೆ, ಬಸ್ಕಿ ಎಷ್ಟು ತೆಗೆಯುತ್ತಾನೆ. ಕುಸ್ತಿಗೆ ಉಸಿರಿನ ದಮ್ಮು ಬೇಕು, ಸೋಲನ್ನು ಒಪ್ಪದ ತಾಳ್ಮೆ ಬೇಕು, ಆದಕಾರಣ ನೂರು ಇನ್ನೂರರ ಲೆಕ್ಕ ಅಲ್ಲಿ ಸಾರ್ಥಕವೇ ಸರಿ. ಆದರೆ ದೇಹದ ಒಂದೊಂದು ಅಂಗವನ್ನೂ ಶಿಲ್ಪಿಯಂತೆ ತಿದ್ದಿ ಬೆಳೆಸಬೇಕೆಂಬ ಉದ್ದೇಶವು ಬೇರೆ, ಅದರ ಮಾರ್ಗವೂ ಬೇರೆ. ಈ ಬೇರೆಯ ಮಾರ್ಗವನ್ನು ಕನ್ನಡನಾಡಿನಲ್ಲಿ ಮೊದಲು ತುಳಿದವರ ಪೈಕಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾದ ಕೆ. ವಿ. ಅಯ್ಯರ್ ಅವರು ಪ್ರಮುಖರೆಂಬುದು ಸಾಹಿತ್ಯಪ್ರಿಯರಲ್ಲಿಯೂ ಹಲವರಿಗೆ ಮರೆತುಹೋಗಿರುವ ಸಂಗತಿ. ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ಜಿಮ್ನೇಷಿಯಂ ನಡೆಸಿ, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಪಶ್ಚಿಮದ ಕಬ್ಬಿಣದ ಗುಂಡನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಶಾಲೆಯೊಳಗೆ ಕಲಿಸಿದ ಆ ಮಹನೀಯರ ಮುಂದೆ, ಯಾವ ವ್ಯಾಯಾಮವನ್ನು ಆರಿಸಬೇಕು, ಯಾವುದನ್ನು ಯಾವುದರೊಡನೆ ಕೂಡಿಸಬೇಕು ಎಂಬ ಪ್ರಶ್ನೆ ಆಗಲೇ ಎದ್ದು ನಿಂತಿದ್ದಿರಬೇಕು.

ಎಷ್ಟು ಮಾಡಬೇಕು ಎಂಬ ಪ್ರಶ್ನೆಗಾದರೋ ಲೆಕ್ಕಾಚಾರದ ಉತ್ತರವನ್ನು ಮೊದಲು ಹುಡುಕಿದವನು ಪೈಲ್ವಾನನಲ್ಲ, ವೈದ್ಯ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಷಿಕಾಗೋ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ, ಮೊಣಕಾಲು ಮುರಿದುಕೊಂಡು ತೊಡೆ ಸೊರಗಿ ಮಲಗಿದ್ದ ಸಿಪಾಯಿಗಳು ಹಾಸಿಗೆಗಳನ್ನು ತುಂಬಿಕೊಂಡಿದ್ದಾಗ, ತಾನೇ ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ಎದ್ದು ಭಾರ ಎತ್ತಿ ಎತ್ತಿ ಚೇತರಿಸಿಕೊಂಡಿದ್ದ ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯನು, ಆ ಸೊರಗಿದ ಕಾಲುಗಳಿಗೂ ಭಾರವನ್ನೇ ಕಟ್ಟಿಸಿದನು. ಹುಷಾರಾಗುವವರು ಹಗುರವಾದ ಕೆಲಸವನ್ನೇ ಬಹಳ ಸಲ ಮಾಡಬೇಕೆಂದು ನಂಬಿದ್ದ ಕಾಲವದು. 1945ರಲ್ಲಿ ಆತ ಪ್ರಕಟಿಸಿದ ಲೇಖನದ ವಿಧಾನವೆಂದರೆ ಹತ್ತು ಹತ್ತು ಎತ್ತುವಿಕೆಯ ಏಳರಿಂದ ಹತ್ತು ಸೆಟ್ಟುಗಳು, ಎಂದರೆ ಒಟ್ಟು ಎಪ್ಪತ್ತರಿಂದ ನೂರು ಸಲ. ಇಷ್ಟಕ್ಕೆ ನಿಂತಿದ್ದರೆ ಕಥೆಯಲ್ಲಿ ವಿಶೇಷವಿರಲಿಲ್ಲ. ಆದರೆ ಮೂರೇ ವರ್ಷಗಳ ಅನಂತರ, 1948ರಲ್ಲಿ, ಆರ್ಥರ್ ವಾಟ್ಕಿನ್ಸ್ ಎಂಬ ಸಹೋದ್ಯೋಗಿಯೊಡನೆ ಬರೆದಾಗ, ಮೊದಲು ಹೇಳಿದ್ದು ಅತಿಯಾಯಿತೆಂದು ತಾನೇ ಒಪ್ಪಿಕೊಂಡು, ಅದನ್ನು ಮೂರು ಸೆಟ್ಟಿಗೆ ಇಳಿಸಿದನು: ಹತ್ತು ಸಲ ಮಾತ್ರ ಎತ್ತಬಲ್ಲ ಭಾರವೊಂದನ್ನು ಕಂಡುಕೊಂಡು, ಅದರ ಅರ್ಧದಿಂದ ಒಂದು ಸೆಟ್ಟು, ಮುಕ್ಕಾಲಿನಿಂದ ಒಂದು, ಪೂರ್ಣಭಾರದಿಂದ ಒಂದು. ಇಂದು ಜಗತ್ತಿನ ಯಾವ ಜಿಮ್ಮಿಗೆ ಹೋದರೂ ಹೊಸಬನಿಗೆ "ಮೂರು ಸೆಟ್ಟು, ಹತ್ತು ಹತ್ತು" ಎಂದು ಹೇಳುವ ತರಬೇತಿದಾರನು ತಿಳಿಯದೆಯೇ ಆ ಆಸ್ಪತ್ರೆಯ ಮಾತನ್ನು ಹೇಳುತ್ತಿರುತ್ತಾನೆ. ಈ ಶಾಸ್ತ್ರದಲ್ಲಿ ನಡೆದ ಮೊದಲ ದೊಡ್ಡ ತಿದ್ದುಪಡಿ ಕೂಡಿಸಿದ್ದಲ್ಲ, ಕಳೆದದ್ದು ಎಂಬುದನ್ನು ನಾನು ನನ್ನ ಸೋದರಳಿಯನಿಗೆ ಮೊದಲು ಹೇಳಿದೆ. ಅವನು ಅದನ್ನು ಇತಿಹಾಸವೆಂದು ಕೇಳಿದನೇ ಹೊರತು ತನಗೆ ಸಂಬಂಧಿಸಿದ್ದೆಂದು ಕೇಳಲಿಲ್ಲ.

ಇಲ್ಲಿ ಸೆಟ್ಟು ಎಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಎಲ್ಲ ಗೊಂದಲವೂ ಆ ಎರಡಕ್ಷರದಲ್ಲಿಯೇ ಅಡಗಿದೆ. ನಮ್ಮ ಸ್ನಾಯುವಿನ ತಂತುಗಳೆಲ್ಲ ಏಕಕಾಲಕ್ಕೆ ದುಡಿಯುವುದಿಲ್ಲ. ತೇರು ಸಲೀಸಾಗಿ ಉರುಳುತ್ತಿರುವಾಗ ಮುಂದಿನ ನಾಲ್ಕಾರು ಮಂದಿ ಮಾತ್ರ ಎಳೆಯುತ್ತ, ಉಳಿದವರು ಹಗ್ಗಕ್ಕೆ ಕೈಯಿಟ್ಟು ನಡೆದುಬರುತ್ತಾರೆ. ಚಕ್ರ ಹೂತಾಗ ಮಾತ್ರ ಊರಿಗೆ ಊರೇ ಮೈಬಗ್ಗಿಸುತ್ತದೆ. ಹಾಗೆಯೇ ನರಮಂಡಲವು ಹಗುರವಾದ ಕೆಲಸಕ್ಕೆ ಸಣ್ಣ ತಂತುಗಳ ತಂಡವನ್ನಷ್ಟೇ ಕರೆದು, ಭಾರ ಹೆಚ್ಚಿದಾಗಲೋ ಆಯಾಸವೇರಿದಾಗಲೋ ದೊಡ್ಡ ತಂಡಗಳನ್ನು ಒಂದೊಂದಾಗಿ ಕರೆಯುತ್ತದೆ. ಮತ್ತು ಗಾತ್ರದಲ್ಲಿ ಬೆಳೆಯುವ ಸಾಮರ್ಥ್ಯ ಹೆಚ್ಚಾಗಿರುವುದು ಕೊನೆಗೆ ಬರುವ ಆ ದೊಡ್ಡ ತಂಡಗಳಿಗೇ. ಆದ್ದರಿಂದಲೇ ಐದು ಸಲ ಎತ್ತಬಲ್ಲ ಭಾರವಾದರೂ ಸರಿ, ಮೂವತ್ತು ಸಲ ಎತ್ತಬಲ್ಲ ಭಾರವಾದರೂ ಸರಿ, ಇನ್ನು ಎರಡು ಮೂರು ಸಲಕ್ಕಿಂತ ಹೆಚ್ಚಾಗಿ ಎತ್ತಲಾರೆ ಎಂಬ ಸ್ಥಿತಿಯವರೆಗೆ ಕೊಂಡೊಯ್ದರೆ ಬೆಳವಣಿಗೆ ಹೆಚ್ಚುಕಡಮೆ ಸಮಾನವಾಗಿರುತ್ತದೆ. ಆ ಸ್ಥಿತಿ ಬರುವ ಮುಂಚೆಯೇ ಹತ್ತಾಯಿತೆಂದು ಬಾರನ್ನು ಸ್ಟ್ಯಾಂಡಿಗೆ ಸೇರಿಸಿಬಿಟ್ಟರೆ ನೋಟುಬುಕ್ಕಿನಲ್ಲಿ ಒಂದು ಸೆಟ್ಟು ಏರುತ್ತದೆ, ಎದೆಯಲ್ಲಿ ಏನೂ ಏರುವುದಿಲ್ಲ. ಹಿಂದಿನವರು ತೂಕ, ಸೆಟ್ಟು, ರೆಪ್ಸು ಮೂರನ್ನೂ ಗುಣಿಸಿ ಇಷ್ಟು ಟನ್ ಎತ್ತಿದೆನೆಂದು ಲೆಕ್ಕ ಹೇಳುತ್ತಿದ್ದರು. ಈಗಿನವರು ಒಂದು ಸ್ನಾಯುವಿಗೆ ವಾರಕ್ಕೆ ಎಷ್ಟು ಕಠಿಣವಾದ ಸೆಟ್ಟುಗಳು ಬಿದ್ದುವೆಂದಷ್ಟೇ ಎಣಿಸುತ್ತಾರೆ. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಲೆಕ್ಕವೆಂದು ತೋರುತ್ತದೆ. ಆ ಲೆಕ್ಕದಿಂದ ನೋಡಿದರೆ ಹುಡುಗನ 24 ಸೆಟ್ಟುಗಳಲ್ಲಿ ಮೊದಲ ಎಂಟು ಹತ್ತು ನಿಜವಾದವು. ಉಳಿದವು ದಣಿದ ಕೈಗಳಿಂದ, ಇಳಿಸಿದ ತೂಕದಿಂದ, ಗಡಿಯಾರವನ್ನು ನೋಡುತ್ತ ಮಾಡಿದವು.

ಈ ಎಣಿಕೆಯ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ವಾದಯುದ್ಧವು ದ್ವೈತಾದ್ವೈತಗಳ ವಾದಕ್ಕಿಂತ ಕಡಮೆ ಆವೇಶದ್ದಲ್ಲ. ಒಂದು ಪಕ್ಷದ ಮುಂಚೂಣಿಯಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್. 1970ರಿಂದ 75ರವರೆಗೆ ಎಡೆಬಿಡದೆ ಆರು ಸಲ, 1980ರಲ್ಲಿ ಮತ್ತೊಂದು ಸಲ ಮಿಸ್ಟರ್ ಒಲಿಂಪಿಯಾ ಪ್ರಶಸ್ತಿ ಗೆದ್ದ ಆತ ಒಂದು ಅಂಗಕ್ಕೆ ಇಪ್ಪತ್ತಕ್ಕೂ ಹೆಚ್ಚು ಸೆಟ್ಟು ಹಾಕುತ್ತಿದ್ದನು. ಎದುರು ಪಕ್ಷದ ಆಚಾರ್ಯ ಫ್ಲಾರಿಡಾದ ಆರ್ಥರ್ ಜೋನ್ಸ್: ಕಾಡುಪ್ರಾಣಿಗಳ ವ್ಯಾಪಾರದಿಂದ ಹೊರಟು 1970ರ ವೇಳೆಗೆ ನಾಟಿಲಸ್ ಯಂತ್ರಗಳ ಮಾರಾಟಕ್ಕೆ ಬಂದ, ಒಂದೇ ಸೆಟ್ಟನ್ನು ಕೈಕಾಲು ನಡುಗುವವರೆಗೆ ಮಾಡಿದರೆ ಸಾಕೆಂದು ಸಾರಿದ ವಿಲಕ್ಷಣ ಪುರುಷ. 1973ರ ಮೇ ತಿಂಗಳಲ್ಲಿ ಆತ ಕೊಲರಾಡೋದ ವಿಶ್ವವಿದ್ಯಾಲಯವೊಂದರಲ್ಲಿ ಕೇಸಿ ವಿಯೇಟರ್ ಎಂಬ ತರುಣನಿಗೆ 28 ದಿನ ಸಾಧನೆ ಮಾಡಿಸಿ, 63 ಪೌಂಡ್ ಸ್ನಾಯು ಬೆಳೆಯಿತೆಂದು ಪ್ರಕಟಿಸಿದನು. ಲೋಕ ಬೆರಗಾಯಿತು. ಆದರೆ ವಿಯೇಟರ್ ಅದಕ್ಕೆ ಮುಂಚೆಯೇ ಪೂರ್ಣವಾಗಿ ಬೆಳೆದಿದ್ದ ಪಟು. ಅಪಘಾತದಲ್ಲಿ ಬೆರಳಿಗೆ ಪೆಟ್ಟಾಗಿ, ಅದಕ್ಕೆ ಕೊಟ್ಟ ಇಂಜೆಕ್ಷನ್ನು ಒಗ್ಗದೆ ಮಲಗಿ ಮೈ ಇಳಿದಿದ್ದವನು. ಒಮ್ಮೆ ಬೆಳೆದು ಸೊರಗಿದ ಸ್ನಾಯು ಹೊಸದಾಗಿ ಬೆಳೆಯುವುದಕ್ಕಿಂತ ಎಷ್ಟೋ ಬೇಗ ಮರಳುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿತೇ ಹೊರತು ಒಂದು ಸೆಟ್ಟಿನ ಮಹಿಮೆಯನ್ನಲ್ಲ.

ಜೋನ್ಸನ ಮಾರ್ಗವನ್ನು ಮುಂದುವರಿಸಿದ ಮೈಕ್ ಮೆಂಟ್ಜರನೂ, ಆಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಒಂದು ನೆಲಮಾಳಿಗೆಯ ಜಿಮ್ಮಿನಿಂದ ಎದ್ದು ಬಂದು 1992ರಿಂದ 97ರವರೆಗೆ ಆರು ಸಲ ಮಿಸ್ಟರ್ ಒಲಿಂಪಿಯಾ ಆದ ಡೋರಿಯನ್ ಯೇಟ್ಸನೂ ಆ ಪಕ್ಷಕ್ಕೆ ಕೀರ್ತಿ ತಂದರು. ಆದರೆ ಯೇಟ್ಸನ ಒಂದು ಸೆಟ್ಟಿನ ಹಿಂದೆ ಹಂತಹಂತವಾಗಿ ಏರಿಸಿದ ಎರಡು ಮೂರು ಭಾರವಾದ ಸೆಟ್ಟುಗಳಿರುತ್ತಿದ್ದವು; ಅವನ್ನು ಆತ ಮೈ ಬಿಸಿಮಾಡಿಕೊಳ್ಳುವುದೆಂದು ಕರೆದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇಪ್ಪತ್ತು ಸೆಟ್ಟಿನವರಾದರೋ ಬಿಸಿಮಾಡಿಕೊಂಡದ್ದನ್ನೂ ಸೇರಿಸಿ ಹೇಳುತ್ತಿದ್ದರು. ಆದುದರಿಂದ ಎರಡು ಪಕ್ಷಗಳ ನಡುವಣ ಕಂದಕದಲ್ಲಿ ಒಂದಂಶ ದೇಹದ್ದು, ಒಂದಂಶ ಲೆಕ್ಕ ಬರೆಯುವ ಕ್ರಮದ್ದು ಎಂಬ ಅನುಮಾನ ನನಗೆ ಮೊದಲಿನಿಂದಲೂ ಉಂಟು. ಅಲ್ಲದೆ ಆ ಕಠೋರ ಸೆಟ್ಟಿಗೂ ತೆರಬೇಕಾದ ಬೆಲೆ ಇತ್ತು: 1994ರಲ್ಲಿ ಯೇಟ್ಸನ ಎಡತೋಳಿನ ಬೈಸೆಪ್ಸ್ ಹರಿಯಿತು, 1997ರಲ್ಲಿ ಟ್ರೈಸೆಪ್ಸ್ ಹರಿದು ಆತನ ಸ್ಪರ್ಧಾಜೀವನವೇ ಮುಗಿಯಿತು. ಇನ್ನೊಂದು ಮಾತು. ಈ ಪ್ರಶಸ್ತಿವಿಜೇತರು ಬಳಸುತ್ತಿದ್ದ ಸ್ಟೀರಾಯ್ಡ್ ಔಷಧಗಳ ವಿಷಯವನ್ನು ಆರ್ನಾಲ್ಡನೇ ಬಹಿರಂಗವಾಗಿ ಒಪ್ಪಿಕೊಂಡಿದ್ದಾನೆ. ಆ ದೇಹಗಳ ಚೇತರಿಕೆಯ ಲೆಕ್ಕವೇ ಬೇರೆ. ಅನ್ನ, ಸಾರು, ಎರಡು ಮೊಟ್ಟೆ, ಐದೂವರೆ ಗಂಟೆಯ ನಿದ್ರೆಯ ಮೇಲೆ ನಿಂತಿರುವ ದೇಹಕ್ಕೆ ಆ ಪಟ್ಟಿಯನ್ನು ನಕಲು ಮಾಡುವುದು ಅವಿವೇಕ.

ಪಂಡಿತರ ಕಲಹವನ್ನು ಬದಿಗಿಟ್ಟು ಪ್ರಯೋಗಗಳನ್ನು ಕೇಳಿದರೆ, 2017ರಲ್ಲಿ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಾರಕ್ಕೆ ಐದಕ್ಕಿಂತ ಕಡಮೆ ಸೆಟ್ಟಿಗಿಂತ ಐದರಿಂದ ಒಂಬತ್ತು, ಅದಕ್ಕಿಂತ ಹತ್ತು ಮತ್ತು ಮೇಲ್ಪಟ್ಟ ಸೆಟ್ಟು ಸ್ನಾಯುವನ್ನು ಹೆಚ್ಚಾಗಿ ಬೆಳೆಸುವ ಕಡೆಗೆ ಒಲವು ಕಂಡುಬಂತು. ಅವರೇ 2019ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಅಭ್ಯಾಸವಿದ್ದ ಯುವಕರನ್ನು ಮೂರು ಗುಂಪು ಮಾಡಿ, ಪ್ರತಿಯೊಂದು ವ್ಯಾಯಾಮಕ್ಕೂ ಒಂದು, ಮೂರು, ಐದು ಸೆಟ್ಟುಗಳಂತೆ ಎಂಟು ವಾರ ಮಾಡಿಸಿದರು. ಗಾತ್ರ ಸೆಟ್ಟಿನೊಡನೆ ಏರಿತು. ಶಕ್ತಿಯಾದರೋ ಮೂರು ಗುಂಪಿನಲ್ಲಿಯೂ ಸರಿಸುಮಾರು ಒಂದೇ ಸಮನೆ ಹೆಚ್ಚಿತು. ಒಂದು ಸೆಟ್ಟಿನವರಿಗೆ ಒಂದು ಸಲದ ಅಭ್ಯಾಸ ಮುಗಿಯಲು ಸುಮಾರು 13 ನಿಮಿಷ ಹಿಡಿದರೆ, ಐದು ಸೆಟ್ಟಿನವರಿಗೆ 68 ನಿಮಿಷ. ನನ್ನ ಸೋದರಳಿಯನು ಇದನ್ನು ಕೇಳಿ ಹಿಗ್ಗಿದನು. ಹೆಚ್ಚು ಮಾಡಿದರೆ ಹೆಚ್ಚು ಬೆಳೆಯುತ್ತದೆಂದು ವಿಜ್ಞಾನವೇ ಹೇಳಿತಲ್ಲ! ಹೇಳಿತು, ನಿಜ, ಆದರೆ ಅದು ಹೇಳಿದ್ದು ಸರಾಸರಿಯ ಮಾತನ್ನು. ಒಂದೊಂದು ಹೆಚ್ಚಿನ ಸೆಟ್ಟೂ ಹಿಂದಿನದಕ್ಕಿಂತ ಕಡಮೆ ಲಾಭವನ್ನೂ, ಹಿಂದಿನದಷ್ಟೇ ಅಥವಾ ಅದಕ್ಕಿಂತ ಹೆಚ್ಚು ದಣಿವನ್ನೂ ತರುತ್ತದೆ. ಎಲ್ಲಿಗೆ ಲಾಭ ನಿಂತು ದಣಿವಷ್ಟೇ ಉಳಿಯುತ್ತದೆಂಬುದನ್ನು ಅವನ ದೇಹಕ್ಕೆ ಸಂಬಂಧಿಸಿದಂತೆ ಹೇಳಬಲ್ಲದ್ದು ಅವನ ನೋಟುಬುಕ್ಕೊಂದೇ, ಮತ್ತು ಅದು ಮೂರು ತಿಂಗಳಿಂದ ಹೇಳುತ್ತಲೇ ಇತ್ತು.

ಆ ಪುಸ್ತಕವನ್ನು ಓದುವ ಬಗೆ ಕಷ್ಟದ್ದಲ್ಲ. ಸೋಮವಾರ ದುಡಿದ ಸ್ನಾಯುವಿನ ನೋವು ಬುಧವಾರಕ್ಕೇ ಆರಿ, ಗುರುವಾರ ಅದೇ ಭಾರವನ್ನು ಒಂದು ಸಲ ಹೆಚ್ಚಾಗಿ ಎತ್ತಲಾಗುತ್ತಿದ್ದರೆ ಇದ್ದುದನ್ನು ಮುಟ್ಟಬಾರದು. ನಡೆಯುತ್ತಿರುವ ಗಾಡಿಯನ್ನು ನಿಲ್ಲಿಸಿ ಕೀಲೆಣ್ಣೆ ಹಾಕುವವರುಂಟೇ? ನೋವೂ ಇಲ್ಲ, ದಣಿವೂ ಇಲ್ಲ, ಪ್ರಗತಿಯೂ ಇಲ್ಲ ಎಂಬ ಸ್ಥಿತಿ ಕೆಲವು ವಾರ ಮುಂದುವರಿದರೆ ಆ ಸ್ನಾಯುವಿಗೆ ವಾರಕ್ಕೆ ಎರಡು ಸೆಟ್ಟು ಸೇರಿಸಿ ನೋಡಬಹುದು. ಅದಕ್ಕೆ ಪ್ರತಿಯಾಗಿ, ಎರಡು ಮೂರು ಸಲ ಸತತವಾಗಿ ಎತ್ತುವಿಕೆ ಕುಂದಿದರೆ, ಹಿಂದಿನ ನೋವು ಆರುವ ಮುನ್ನವೇ ಮುಂದಿನ ಸರದಿ ಬಂದುಬಿಡುತ್ತಿದ್ದರೆ, ನೋವು ಮಾಂಸವನ್ನು ಬಿಟ್ಟು ಕೀಲಿಗೆ ಇಳಿದಿದ್ದರೆ, ಮೂರನೆಯ ಒಂದು ಭಾಗವನ್ನಾದರೂ ಕಳೆಯಬೇಕು. ಇದರೊಡನೆ ಪರೋಕ್ಷವಾದ ದುಡಿಮೆಯನ್ನೂ ಲೆಕ್ಕಕ್ಕೆ ತರಬೇಕು: ಬೆಂಚ್ ಪ್ರೆಸ್ಸಿನಲ್ಲಿ ಎದೆಯೊಡನೆ ಟ್ರೈಸೆಪ್ಸೂ ಭುಜದ ಮುಂಭಾಗವೂ ದುಡಿಯುತ್ತವೆ, ರೋಯಿಂಗಿನಲ್ಲಿ ಬೆನ್ನಿನೊಡನೆ ಬೈಸೆಪ್ಸು, ನಾನು ಅಂಥವನ್ನು ಅರ್ಧ ಸೆಟ್ಟೆಂದು ಹಿಡಿಯುತ್ತೇನೆ. ಈ ಅರ್ಧಗಳನ್ನು ಕೂಡಿಸಿ ನೋಡಿದಾಗ ಹುಡುಗನ ಭುಜದ ಮುಂಭಾಗಕ್ಕೆ, ಶೋಲ್ಡರ್ ಪ್ರೆಸ್ಸನ್ನು ಮುಟ್ಟುವ ಮುಂಚೆಯೇ, ಹದಿನೈದು ಸೆಟ್ಟು ಬೀಳುತ್ತಿತ್ತು. ಬಲಭುಜ ನೋಯದೆ ಇನ್ನೇನು ಮಾಡೀತು! ಎಲ್ಲ ಅಂಗಗಳಿಗೂ ಒಂದೇ ಅಳತೆಯೂ ಸಲ್ಲದು. ಭುಜದ ಪಾರ್ಶ್ವ, ಮೀನಖಂಡ, ತೋಳುಗಳಂಥ ಚಿಕ್ಕ ಸ್ನಾಯುಗಳು ಬಹಳವನ್ನು ತಾಳುತ್ತವೆ. ಸೊಂಟದ ಬೆನ್ನು ಮಾತ್ರ ಸ್ಕ್ವಾಟಿಗೂ ಡೆಡ್‌ಲಿಫ್ಟಿಗೂ ಬಗ್ಗಿ ಎಳೆಯುವ ರೋಯಿಂಗಿಗೂ ತಾನೊಬ್ಬನೇ ಕಂದಾಯ ಕಟ್ಟುವ ರೈತನಂತೆ ಎಲ್ಲ ಕಡೆಯಿಂದಲೂ ಹಿಂಡಿಸಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಪ್ರಸಂಗದಲ್ಲಿ ಅಕ್ಷರಶಃ ನಿಜ. ರಾತ್ರಿ ಒಂದಕ್ಕೆ ಮಲಗುವವನ ಹಾಸಿಗೆಯೇ ಗಿಡ್ಡ.

ಕಳೆದರೆ ಇದ್ದುದೂ ಕರಗೀತೆಂಬ ಭಯ ಸಾಧಕರಲ್ಲಿ ಸಾಮಾನ್ಯ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹದಿನಾರು ವಾರ ಸಾಧನೆ ಮಾಡಿದವರ ಪೈಕಿ ಕೆಲವರಿಗೆ ಮುಂದಿನ ಮೂವತ್ತೆರಡು ವಾರ ಹಿಂದಿನ ಪ್ರಮಾಣದ ಒಂಬತ್ತನೆಯ ಒಂದು ಭಾಗವನ್ನಷ್ಟೇ ಮಾಡಿಸಿದಾಗ, ತರುಣರು ಗಳಿಸಿದ್ದ ಸ್ನಾಯುವನ್ನು ಉಳಿಸಿಕೊಂಡರು. ಅರುವತ್ತು ದಾಟಿದವರಿಗೆ ಮಾತ್ರ ಅಷ್ಟು ಸಾಲಲಿಲ್ಲ. ಬೆಳೆಸುವುದಕ್ಕೆ ಬೇಕಾದದ್ದು ಬಹಳ, ಉಳಿಸುವುದಕ್ಕೆ ಬೇಕಾದದ್ದು ಅಲ್ಪ. ಹಿಂದುಳಿದ ಮೀನಖಂಡಕ್ಕೆ ಆರು ಸೆಟ್ಟು ಹೆಚ್ಚಿಸಬೇಕೆನ್ನುವವನು ಆ ಕಾಲಕ್ಕೆ ಮುಂದುವರಿದ ಎದೆಯನ್ನು ನಾಲ್ಕು ಸೆಟ್ಟಿಗೆ ಇಳಿಸಿ ನಿಶ್ಚಿಂತನಾಗಿರಬಹುದು.

ಇನ್ನು ಆಯ್ಕೆಯ ಮಾತು. ಇಲ್ಲಿ ಎಣಿಕೆ ಸಾಲದು, ದೇಹದ ರಚನೆಯನ್ನು ಸ್ವಲ್ಪ ಅರಿಯಬೇಕು. ಸ್ಕ್ವಾಟ್ ಒಂದನ್ನು ಮಾಡಿದರೆ ಕಾಲಿಗೆ ಬೇರೇನೂ ಬೇಡವೆಂಬುದು ಜಿಮ್ಮುಗಳಲ್ಲಿ ಹಳೆಯ ನಂಬಿಕೆ. ಬಸ್ಕಿಯ ಸಂಸ್ಕಾರದವರಾದ ನಾವೂ ಅದನ್ನು ಸುಲಭವಾಗಿ ಒಪ್ಪಿಬಿಡುತ್ತೇವೆ. ಆದರೆ ಜಪಾನಿನಲ್ಲಿ ಕುಬೊ ಮತ್ತು ಸಂಗಡಿಗರು ಹತ್ತು ವಾರ ಸ್ಕ್ವಾಟ್ ಮಾಡಿಸಿ 2019ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಪೂರ್ಣ ಕುಳಿತವರಾಗಲಿ ಅರ್ಧ ಕುಳಿತವರಾಗಲಿ, ಇಬ್ಬರಲ್ಲಿಯೂ ತೊಡೆಯ ಹಿಂಭಾಗದ ಸ್ನಾಯು ಬೆಳೆಯಲಿಲ್ಲ, ಮುಂಭಾಗದ ನಾಲ್ಕು ಸ್ನಾಯುಗಳಲ್ಲಿ ನಡುವೆ ನೇರವಾಗಿ ಇಳಿಯುವುದೊಂದು ಬೆಳೆಯಲಿಲ್ಲ. ಕಾರಣವು ನಡುಮನೆಯಲ್ಲಿ ನಿಂತು ಕುಳಿತರೇ ತಿಳಿಯುವಂಥದ್ದು. ಆ ನೇರ ಸ್ನಾಯು ಸೊಂಟದ ಕೀಲನ್ನೂ ಮೊಣಕಾಲನ್ನೂ ದಾಟಿ ಇಳಿಯುತ್ತದೆ. ಕುಳಿತಾಗ ಮೊಣಕಾಲಿನ ಕಡೆ ಎಷ್ಟು ಹಿಗ್ಗಿತೋ ಸೊಂಟದ ಕಡೆ ಅಷ್ಟೇ ಸಡಿಲುತ್ತದೆ. ಒಂದು ಕಡೆ ಜಗ್ಗಿದಷ್ಟೇ ಇನ್ನೊಂದು ಕಡೆ ಸಡಿಲಬಿಟ್ಟ ಹಗ್ಗದಂತೆ ಅದರ ಉದ್ದ ಇದ್ದಷ್ಟೇ ಇರುತ್ತದೆ. ಅದನ್ನು ಬೆಳೆಸಬೇಕಾದರೆ ಸೊಂಟವನ್ನು ಕದಲಿಸದೆ ಮೊಣಕಾಲನ್ನು ಮಾತ್ರ ಚಾಚುವ ಲೆಗ್ ಎಕ್ಸ್‌ಟೆನ್ಷನ್ನಿಗೆ ಹೋಗಬೇಕು. ಹೀಗೆಯೇ ತೊಡೆಯ ಹಿಂಭಾಗಕ್ಕೆ ಬೋರಲು ಮಲಗಿ ಮಾಡುವ ಲೆಗ್ ಕರ್ಲಿಗಿಂತ ಕುಳಿತು ಮಾಡುವುದು ಲೇಸೆಂದು ಮಾಯೆಓ ಎಂಬಾತನ ಗುಂಪು ಹನ್ನೆರಡು ವಾರಗಳ ಪ್ರಯೋಗದಿಂದ ತೋರಿಸಿತು. ಒಬ್ಬೊಬ್ಬರ ಒಂದು ಕಾಲಿಗೆ ಒಂದು ವಿಧ, ಇನ್ನೊಂದು ಕಾಲಿಗೆ ಇನ್ನೊಂದು ವಿಧ. ಕುಳಿತ ಕಾಲಿನಲ್ಲಿ ಸ್ನಾಯು ಸುಮಾರು ಶೇಕಡ 14ರಷ್ಟು, ಮಲಗಿದ ಕಾಲಿನಲ್ಲಿ ಸುಮಾರು 9ರಷ್ಟು ಬೆಳೆಯಿತು. ಕುಳಿತಾಗ ಸೊಂಟ ಮಡಿಸಿರುವುದರಿಂದ ಸ್ನಾಯು ನೀಳವಾಗಿ ಹಿಗ್ಗಿದ ಸ್ಥಿತಿಯಲ್ಲಿಯೇ ದುಡಿಯುತ್ತದೆ. ಟ್ರೈಸೆಪ್ಸಿಗೆ ತೋಳನ್ನು ತಲೆಯ ಮೇಲಕ್ಕೆತ್ತಿ ಮಾಡುವುದು, ತೋಳು ಪಕ್ಕದಲ್ಲಿಟ್ಟು ಕೆಳಕ್ಕೊತ್ತುವುದಕ್ಕಿಂತ ಹೆಚ್ಚು ಫಲ ಕೊಡುವುದೆಂದೂ ಅದೇ ಗುಂಪು ಕಂಡುಕೊಂಡಿತು.

ಇದರಿಂದ ಹೊರಡುವ ಸೂತ್ರವೆಂದರೆ, ಎರಡು ವ್ಯಾಯಾಮಗಳು ಹೆಸರಿನಲ್ಲಿ ಬೇರೆಯಾಗಿದ್ದ ಮಾತ್ರಕ್ಕೆ ಕೆಲಸದಲ್ಲಿ ಬೇರೆಯಾಗುವುದಿಲ್ಲ. ಹುಡುಗನ ಸೋಮವಾರದ ಫ್ಲಾಟ್, ಡಿಕ್ಲೈನ್, ಡಂಬೆಲ್ ಮೂರೂ ಒಂದೇ ಬಾಗಿಲನ್ನು ಮೂರು ಸಲ ತಟ್ಟುತ್ತಿದ್ದವು. ಪೆಕ್ ಡೆಕ್ಕೂ ಕೇಬಲ್ಲೂ ಇನ್ನೊಂದನ್ನು ಎರಡು ಸಲ. ಒಂದು ಒತ್ತುವುದು, ಒಂದು ತಬ್ಬುವುದು, ಕೋನ ಬದಲಿಸಿ ಇನ್ನೊಂದು ಒತ್ತುವುದು, ಇಷ್ಟರಲ್ಲಿ ಎದೆಯ ಕೆಲಸ ಮುಗಿಯಿತು.

ಹಾಗೆಂದು ವಾರವಾರವೂ ಹೊಸ ವ್ಯಾಯಾಮ ಹಿಡಿದು ಸ್ನಾಯುವನ್ನು ಗೊಂದಲಕ್ಕೆ ಈಡುಮಾಡಬೇಕೆಂದು ಬೋಧಿಸುವವರ ಮಾತಿಗೂ ನಾನು ತಲೆದೂಗಲಾರೆ. ಸ್ನಾಯುವಿಗೆ ಗೊಂದಲವಾಗುವಷ್ಟು ಬುದ್ಧಿ ಇಲ್ಲ, ಗೊಂದಲವಾಗುವುದು ನೋಟುಬುಕ್ಕಿಗೆ. ಹೊಸ ಚಲನೆಯ ಮೊದಲ ಕೆಲವು ವಾರಗಳ ಏರಿಕೆ ಬಹುಮಟ್ಟಿಗೆ ನರಗಳು ಅದನ್ನು ಕಲಿತುಕೊಂಡದ್ದರ ಏರಿಕೆ. ಅದು ಮುಗಿಯುವ ಹೊತ್ತಿಗೆ ಚಲನೆಯನ್ನೇ ಬದಲಿಸಿಬಿಟ್ಟರೆ ಸ್ನಾಯು ಬೆಳೆಯಿತೋ ಇಲ್ಲವೋ ತಿಳಿಯುವ ದಾರಿಯೇ ಉಳಿಯದು. ಗ್ರೀಕರ ಪುರಾತನ ಪೈಲ್ವಾನನಾದ ಕ್ರೋಟನ್ ಊರಿನ ಮೈಲೋ ದಿನವೂ ಒಂದು ಕರುವನ್ನು ಹೊತ್ತು ನಡೆದು, ಅದು ಗೂಳಿಯಾಗುವವರೆಗೂ ಬಿಡಲಿಲ್ಲವೆಂಬ ಕಥೆಯನ್ನು ಎಲ್ಲರೂ ಭಾರವನ್ನು ಕ್ರಮವಾಗಿ ಏರಿಸುವುದಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಹೆಚ್ಚು ಹಿಡಿಸುವುದು ಅವನು ಮಂಗಳವಾರ ಮೇಕೆಯನ್ನೂ ಬುಧವಾರ ಕತ್ತೆಯನ್ನೂ ಹೊರಲಿಲ್ಲವೆಂಬುದು.

ಬದಲಿಸಲೇಬೇಕಾದ ಸಂದರ್ಭ ಒಂದುಂಟು, ಅದನ್ನು ನಾನು ಸ್ವಂತ ಭುಜವನ್ನು ತೆತ್ತು ಕಲಿತೆ. ಮೂವತ್ತರ ಹರಯದಲ್ಲಿ ಬಾರನ್ನು ಕತ್ತಿನ ಹಿಂದಕ್ಕಿಳಿಸಿ ಮೇಲಕ್ಕೊತ್ತುವ ವ್ಯಾಯಾಮದ ಮೇಲೆ ನನಗೆ ಅಪಾರ ಮೋಹ; ಅದನ್ನು ಮಾಡದವನು ಗಂಡಸೇ ಅಲ್ಲವೆಂಬ ಭಾವನೆ. ಒಂದು ಚಳಿಗಾಲದಲ್ಲಿ ಎಡಭುಜದ ಒಳಗೆ ಮುಳ್ಳು ಮುರಿದಂತೆ ಚುಚ್ಚತೊಡಗಿತು. ನಾನು ವ್ಯಾಯಾಮವನ್ನು ಬಿಡಲಿಲ್ಲ, ಎಣ್ಣೆ ಬದಲಿಸಿದೆ. ಎಣ್ಣೆಯೂ ನಾಟದಿದ್ದಾಗ ಬಟ್ಟೆ ಸುತ್ತಿಕೊಂಡೆ. ಕೊನೆಗೆ ಒಂದು ದಿನ ಅಂಗಿಯ ತೋಳಿಗೆ ಕೈ ಹಾಕಲಾರದೆ ಹೆಂಡತಿಯನ್ನು ಕರೆಯಬೇಕಾಗಿ ಬಂದ ಮೇಲೆ, ಬಾರನ್ನು ಬಿಟ್ಟು ಡಂಬೆಲ್ ಹಿಡಿದು, ಮೊಣಕೈಯನ್ನು ಮುಖದ ಮುಂದಕ್ಕೆ ತಂದು ಒತ್ತಿದೆ. ನಾಲ್ಕು ತಿಂಗಳಲ್ಲಿ ನೋವು ಹೋಯಿತು. ಆ ಚಲನೆ ಎಲ್ಲರಿಗೂ ಕೆಟ್ಟದ್ದಲ್ಲ, ನನ್ನ ಕೀಲಿನ ಕಟ್ಟಿಗೆ ಒಗ್ಗದ್ದು ಅಷ್ಟೆ. ಉದ್ದ ತೊಡೆಯವನು ಸ್ಕ್ವಾಟಿನಲ್ಲಿ ಮುಂದಕ್ಕೆ ಬಾಗಿಯೇ ಬಾಗುತ್ತಾನೆ, ಅವನಿಗೆ ಲೆಗ್ ಪ್ರೆಸ್ಸೋ ಹ್ಯಾಕ್ ಸ್ಕ್ವಾಟೋ ತೊಡೆಗೆ ಹೆಚ್ಚು ಸಲ್ಲಬಹುದು. ಗಾತ್ರವೊಂದೇ ಗುರಿ ಎಂದ ಮೇಲೆ ಯಾವ ವ್ಯಾಯಾಮವೂ ಅನಿವಾರ್ಯವಲ್ಲ. ಸ್ಪರ್ಧೆಗೆ ಭಾರ ಎತ್ತುವವನ ಮಾತು ಬೇರೆ.

ಇಷ್ಟಾದ ಮೇಲೆ ಹುಡುಗನ ಕೈಯಿಂದ ಪೆನ್ನು ತೆಗೆದುಕೊಂಡೆ. ಸೋಮವಾರದ ಆರು ಸಾಲುಗಳಲ್ಲಿ ಫ್ಲಾಟ್ ಬೆಂಚನ್ನು ನಾಲ್ಕು ಸೆಟ್ಟಿಗೂ ಕೇಬಲ್ಲನ್ನು ಎರಡಕ್ಕೂ ಉಳಿಸಿ ಬೇರೆಯವನ್ನು ಹೊಡೆದೆ, ಗುರುವಾರದ ಐದರಲ್ಲಿ ಡಂಬೆಲ್ಲನ್ನು ಇನ್‌ಕ್ಲೈನ್ ಬೆಂಚಿಗೆ ವರ್ಗಾಯಿಸಿ ನಾಲ್ಕು, ಪೆಕ್ ಡೆಕ್ ಎರಡು, ಒಟ್ಟು 12. ಹನ್ನೊಂದು ಸಾಲಿನಲ್ಲಿ ಏಳು ಹೋದವು. ಮೊದಲ ವಾರ ಅದನ್ನೂ ಅರ್ಧ ಮಾಡಿ, ಹಗುರ ತೂಕದಿಂದ, ಭುಜ ತಣಿಯಲೆಂದು. ಅವನು ಆ ಗೀಟುಗಳನ್ನು ನೋಡಿದ ರೀತಿ, ತಾನು ನೆಟ್ಟ ಗಿಡವನ್ನು ಬೇರೆಯವರು ಕತ್ತರಿಸುವುದನ್ನು ನೋಡುವಂತಿತ್ತು. "ಇಷ್ಟೇನಾ ಮಾವ? ಮುಕ್ಕಾಲು ಗಂಟೇಲಿ ಮುಗಿದು ಹೋಗತ್ತಲ್ಲ." ಮುಗಿಯಲಿ, ಆ ಉಳಿದ ಹೊತ್ತು ಮಲಗು ಎಂದೆ.

ನಾಲ್ಕನೆಯ ವಾರ ಅವನು 70 ಕಿಲೋವನ್ನು ಒಂಬತ್ತು ಸಲ ಒತ್ತಿದನು. ಏಳನೆಯ ವಾರ 72.5 ಕಿಲೋವನ್ನು ಎಂಟು ಸಲ. ಅಂಚಿನ ಸಣ್ಣ ಅಕ್ಷರಗಳು ನಿಂತುಹೋಗಿದ್ದವು. ಇದರಲ್ಲಿ ಪಟ್ಟಿಯ ಪಾಲೆಷ್ಟು, ನಿದ್ರೆಯ ಪಾಲೆಷ್ಟು ಎಂದು ಬೇರ್ಪಡಿಸಲು ನಾನು ಹೋಗಲಿಲ್ಲ. ಹೋದ ಭಾನುವಾರ ಮತ್ತೆ ಪುಸ್ತಕವನ್ನು ತಂದು, ಕಾಫಿ ಕುಡಿದು, ಊರಿನ ಸುದ್ದಿಯನ್ನೆಲ್ಲ ಹೇಳಿ, ಏಳುವಾಗ ಬಹಳ ಲಘುವಾಗಿ, "ಮಾವ, ಗುರುವಾರಕ್ಕೆ ಎರಡು ಸೆಟ್ ಸೇರಿಸಬಹುದಾ?" ಎಂದನು. ಪುಟ ತಿರುವಿ ನೋಡಿದೆ. ಗುರುವಾರದ ಕೆಳಗೆ ‘ಡಿಪ್ಸ್ 2’ ಎಂದು ಆಗಲೇ ಪೆನ್ಸಿಲಿನಲ್ಲಿ ಬರೆದು, ನಾನು ಏನೆಂದೇನೋ ಎಂದು ರಬ್ಬರಿನಿಂದ ಅಳಿಸಿದ್ದ ಗುರುತು ಕಾಣುತ್ತಿತ್ತು. ಮೂರು ವಾರದಿಂದ ಎತ್ತುವಿಕೆ ಏರುತ್ತಲೇ ಇತ್ತಾದ್ದರಿಂದ ಸದ್ಯಕ್ಕೆ ಬೇಡವೆಂದೆ. ಅದು ನಿಂತ ವಾರ ಬಂದು ಕೇಳು ಎಂದೆ. ಅವನು ತಲೆಯಾಡಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಪೆನ್ಸಿಲನ್ನು ಮಾತ್ರ ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು ಹೊರಟನು.